ಹದಿನೆಂಟು ಚೌಕ

ಫೆಬ್ರವರಿ 4

ಹೆಂಡತಿಯ ಕಂಪ್ಯೂಟರಿನ ಮೇಲೆ ನಾಲ್ಕು ತಿಂಗಳಿಂದ ಟವೆಲ್ ಹೊದೆಸಿಟ್ಟಿದ್ದೆ. ಇವತ್ತು ತೆಗೆದೆ. ಚಿಕ್ಕ ಮಗಳು ಫೋನಿನಲ್ಲಿ, "ಅಮ್ಮನ ಫೋಟೋ ಏನಾದ್ರೂ ಅದ್ರಲ್ಲಿದ್ಯಾ ನೋಡಪ್ಪಾ" ಅಂದಿದ್ದಳು. ಫೋಟೋ ಸಿಗಲಿಲ್ಲ. ಸಿಕ್ಕಿದ್ದು ಅವಳ ಹೆಸರಿಗೆ ಬಂದ ಒಂದು ಇಂಗ್ಲಿಷ್ ಪತ್ರ.

ಓದಿ ಅರ್ಥ ಮಾಡಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು ನಾನು. ಮೂರು ಪುಟವನ್ನು ಮೂರು ಸಾಲಿಗೆ ಇಳಿಸುವುದನ್ನು ಮೇಷ್ಟ್ರು ಕಲಿಸಿದ್ದರು. ಇಲ್ಲಿ ಬಂದಿದ್ದೇ ಮೂರು ಸಾಲು. ಅದನ್ನು ಯಾರಾದರೂ ಮೂರು ಪುಟ ಮಾಡಿಕೊಟ್ಟರೆ ನನಗೆ ಸಲೀಸಾಗಿ ತಿಳಿಯುತ್ತಿತ್ತು.

ವಿಷಯ ಹೀಗೆ. ಪರದೆಯ ಕೆಳಗೆ ಉದ್ದಕ್ಕೆ ಒಂದು ಪಟ್ಟಿ ಇರುತ್ತದಲ್ಲ, ಅದರ ಬಲಮೂಲೆಯಲ್ಲಿ ಕಡಲೆಕಾಳಿನಷ್ಟು ಚಿತ್ರಗಳು ಸಾಲಾಗಿ ಕೂತಿರುತ್ತವೆ. ಸದ್ದಿಗೊಂದು, ಟಪಾಲಿಗೊಂದು, ಬ್ಯಾಟರಿಗೊಂದು. ಐಕಾನ್ ಅನ್ನುತ್ತಾರೆ. ಒಂದೊಂದು ಪ್ರೋಗ್ರಾಮನ್ನು ಒಬ್ಬೊಬ್ಬರು ಬರೆದಿರುತ್ತಾರೆ, ಅವರವರ ಐಕಾನ್ ಅವರವರೇ ತರುತ್ತಾರೆ. ಒಂದು ಕೆಂಪು, ಒಂದು ನೀಲಿ, ಒಂದು ಊದಿಕೊಂಡದ್ದು, ಇನ್ನೊಂದು ಒಣಕಡ್ಡಿ. ಎತ್ತು ಏರಿಗೆ, ಕೋಣ ನೀರಿಗೆ. ಇವೆಲ್ಲವೂ ಒಂದೇ ಕೈಯಿಂದ ಬಂದ ಹಾಗೆ ಕಾಣುವಂತೆ ಹೊಸದಾಗಿ ಬರೆಯುವುದು ಅವಳು ಹಿಡಿದಿದ್ದ ಕೆಲಸ. ಮೂವತ್ತೊಂದು ವರ್ಷ ಸ್ಕೂಲಿನಲ್ಲಿ ಮಕ್ಕಳಿಗೆ ಆನೆ ಬರೆಸಿದ ಡ್ರಾಯಿಂಗ್ ಟೀಚರು ನಿವೃತ್ತಿಯಾದ ಮೇಲೆ ಕಡಲೆಕಾಳಿಗೆ ಇಳಿದಿದ್ದಳು. ಸಂಬಳವಿಲ್ಲ. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಯಾವುದೋ ಕಂಪ್ಯೂಟರ್ ವ್ಯವಸ್ಥೆಗೆ, ಮುಖ ನೋಡದ ನಾಲ್ಕಾರು ಜನ ಸೇರಿ ಮಾಡುವ ಕೆಲಸ. ಪತ್ರ ಬರೆದವನು ಅದರ ಉಸ್ತುವಾರಿ. "ಆರೋಗ್ಯ ಸುಧಾರಿಸಿದೆ ಎಂದು ನಂಬಿದ್ದೇನೆ. ಮಾರ್ಚ್ 31ಕ್ಕೆ ಬಾಗಿಲು ಹಾಕುತ್ತೇವೆ. ಉಳಿದವು ಯಾವಾಗ?"

ಅವಳು ಹೋದದ್ದನ್ನು ಅವನಿಗೆ ಯಾರೂ ತಿಳಿಸಿಲ್ಲ.

ಫೆಬ್ರವರಿ 6

ಜವಾಬು ಬರೆದೆ. ಆಫೀಸಿನ ಇಂಗ್ಲಿಷು ಕೈಹಿಡಿಯಿತು. "ಐ ಬೆಗ್ ಟು ಇನ್ಫಾರ್ಮ್ ಯು" ಅಂತ ಶುರುಮಾಡಿ, "ದ ಸೆಡ್ ಲೇಡಿ" ಅಂತ ಬರೆದು ನಿಲ್ಲಿಸಿದೆ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಇನ್ಸ್‌ಪೆಕ್ಟರಾಗಿದ್ದವನು. ನೋಟೀಸಿನಲ್ಲಿ "ದ ಸೆಡ್ ಶಾಪ್" ಅಂತ ಬರೆದೂ ಬರೆದೂ ರೂಢಿ. ಹೊಡೆದುಹಾಕಿ "ಮೈ ವೈಫ್" ಮಾಡಿದೆ. ಮುಂದೆ "ಎಕ್ಸ್‌ಪೈರ್ಡ್" ಅಂತ ಹಾಕಿದೆ. ಅದು ಔಷಧಿ ಸೀಸೆಯ ಮೇಲೆ ಬರೆಯುವ ಮಾತು. ಬೇರೆ ನೆನಪಾಗಲಿಲ್ಲ. ಕೊನೆಗೆ "ಕೈಂಡ್ಲಿ ಡು ದ ನೀಡ್‌ಫುಲ್." ಏನು ನೀಡ್‌ಫುಲ್ ಅಂತ ನನಗೂ ಗೊತ್ತಿರಲಿಲ್ಲ.

ಫೆಬ್ರವರಿ 9

ಉಸ್ತುವಾರಿಯ ಉತ್ತರ ಬಂತು. ಮೊದಲ ನಾಲ್ಕು ಸಾಲು ಅವಳ ಬಗ್ಗೆ. ಅದನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ.

ಆಮೇಲೆ ಕೆಲಸದ ಮಾತು. ಒಟ್ಟು ಅರವತ್ನಾಲ್ಕು ಐಕಾನ್ ಬೇಕು. ಅವಳು ಒಪ್ಪಿಸಿದ್ದು ಮೂವತ್ಮೂರು. ಅರವತ್ನಾಲ್ಕೂ ಇಲ್ಲದಿದ್ದರೆ ಇನ್ನೊಬ್ಬರ ಕಟ್ಟನ್ನು ಹಾಕುತ್ತಾರೆ. ಅರ್ಧ ಇವಳದು, ಅರ್ಧ ಅವರದು ಹಾಕಿದರೆ ಪಟ್ಟಿ ಮೊದಲಿಗಿಂತ ಕೆಡುತ್ತದಂತೆ. ಅಂದರೆ ಅವಳ ಮೂರು ವರ್ಷದ ಕೆಲಸ ಮೂಲೆಗೆ. ಅವನ ತಪ್ಪೇನಿಲ್ಲ, ನಿಯಮ ನಿಯಮವೇ.

ಅವಳ ಕಂಪ್ಯೂಟರಿನಲ್ಲಿ ಹುಡುಕಿ ಎಣಿಸಿದೆ. ನಲವತ್ತೊಂದು ಮುಗಿದಿವೆ. ಎಂಟನ್ನು ಕಳಿಸಿರಲಿಲ್ಲ ಅಂತಾಯಿತು. ಬಾಕಿ ಇಪ್ಪತ್ಮೂರು.

"ಐ ಶಲ್ ಕಂಪ್ಲೀಟ್" ಅಂತ ಬರೆದುಬಿಟ್ಟೆ. ಶಲ್ ಬೇರೆ, ವಿಲ್ ಬೇರೆ ಅಂತ ಮೇಷ್ಟ್ರು ಒಂದು ಪೀರಿಯಡ್ ಪೂರ್ತಿ ಹೇಳಿದ್ದರು. ಎರಡರಲ್ಲಿ ಯಾವುದು ಗಟ್ಟಿ ಅನ್ನುವುದು ಮಾತ್ರ ಮರೆತಿದೆ.

ಪರದೆಯ ಅಂಚಿಗೆ ಅವಳು ಅಂಟಿಸಿದ ಚೀಟಿ ಇದೆ. "ಇಪ್ಪತ್ತೆರಡು ಚೌಕದ ಮನೆ. ಸುತ್ತ ಎರಡೆರಡು ಖಾಲಿ. ಗೆರೆ ಎರಡು ಚೌಕ ದಪ್ಪ. ಬಣ್ಣ ಒಂದೇ." ನೋಡಿ ಖುಷಿಯಾಯಿತು. ನಮ್ಮ ಇಲಾಖೆಯ ನಿಯಮದ ಹಾಗೇ ಇದೆ. ಇಪ್ಪತ್ತೆರಡರಲ್ಲಿ ನಾಲ್ಕು ಹೋದರೆ ಹದಿನೆಂಟು. ಚಿತ್ರ ಹದಿನೆಂಟು ಚೌಕದೊಳಗೆ ಕೂರಬೇಕು. ಇದು ನನ್ನಿಂದಾಗದ ಕೆಲಸವೇನಲ್ಲ.

ಫೆಬ್ರವರಿ 12

ದೊಡ್ಡ ಮಗಳು ಬಂದಿದ್ದಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು. ಹದಿನೈದು ನಿಮಿಷ ಇದ್ದಳು, ಚಪ್ಪಲಿಯನ್ನೂ ಪೂರ್ತಿ ಬಿಡಲಿಲ್ಲ.

"ಊಟ ಮಾಡ್ತಿದ್ದೀರಾ?"

"ಮಾಡ್ತಿದ್ದೀನಿ."

"ಮಾತ್ರೆ?"

"ತಗೊಳ್ತಿದ್ದೀನಿ."

ವಾರ್ಡಿನಲ್ಲಿ ಹಾಸಿಗೆ ಹಾಸಿಗೆಗೂ ಕೇಳಿಕೊಂಡು ಹೋದ ಹಾಗೆ. ಹುಟ್ಟಿದಾಗಿನಿಂದ "ನೀನು" ಅಂದವಳು ನವೆಂಬರಿನಿಂದ "ನೀವು" ಅನ್ನುತ್ತಾಳೆ.

ನವೆಂಬರಿನಲ್ಲಿ ಅವಳಮ್ಮನ ಸಾಮಾನು ಹಂಚಿದೆ. ನಾಳೆ ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಮ್ಮಿ ಅನ್ನುವ ಮಾತು ಬರಬಾರದು ಅಂತ ನನ್ನ ತಕ್ಕಡಿಯನ್ನೇ ಇಳಿಸಿ ತೂಗಿದೆ. ಕುಂಚ, ಬಣ್ಣದ ಡಬ್ಬಿ, ಪುಸ್ತಕ, ಪಾತ್ರೆ. ಇಬ್ಬರಿಗೂ ಆರು ಕಿಲೋ ನಾನೂರು ಗ್ರಾಂ. ಒಂದು ಕಡೆ ಇಪ್ಪತ್ತು ಗ್ರಾಂ ಕಮ್ಮಿ ಬಂದದ್ದಕ್ಕೆ ಪೆನ್ಸಿಲ್ ಹಾಕಿ ಸರಿಮಾಡಿದೆ. ಡ್ರಾಯಿಂಗ್ ಮೇಜನ್ನು ತೂಗಲಾಗದೆ ಇಲ್ಲೇ ಉಳಿಸಿದೆ. ಚಿಕ್ಕವಳು ನಕ್ಕು ಚೀಲ ಎತ್ತಿಕೊಂಡಳು. ದೊಡ್ಡವಳು ಮುಟ್ಟಲಿಲ್ಲ. "ಒಂಬತ್ತು ವಾರ ಆಸ್ಪತ್ರೇಲಿ ಅಮ್ಮನ ಪಕ್ಕ ಕೂತಿದ್ದವಳು ನಾನು. ನನಗೇನೂ ಬೇಡ. ಆದ್ರೆ ಅಮ್ಮನ್ನ ತಕ್ಕಡೀಗೆ ಹಾಕಿಬಿಟ್ರಲ್ಲ" ಅಂದು ಹೋದಳು.

ಸಮ ಹಂಚಿದವನ ಮೇಲೂ ಸಿಟ್ಟು. ಇದಕ್ಕೇನು ಹೇಳುವುದು? ಐಕಾನಿನ ವಿಷಯ ಅವಳಿಗೆ ಹೇಳಲಿಲ್ಲ.

ಫೆಬ್ರವರಿ 18

ಮೊದಲನೆಯದು ಪ್ರಿಂಟರಿನ ಐಕಾನ್. ನಾಲ್ಕು ದಿನ ಹಿಡಿಯಿತು. ಅವಳು ಬರೆಯುವಾಗ ನಾನು ಹಿಂದೆ ಕೂತು ಪೇಪರ್ ಓದುತ್ತಿದ್ದೆ. ಯಾವ ಗುಂಡಿ ಒತ್ತುತ್ತಾಳೆ ಅನ್ನುವುದು ಕಣ್ಣಿಗೆ ಬಿದ್ದಿತ್ತು, ಅದೇ ಈಗ ಆಸರೆ. ಮೊದಲ ದಿನದ ಪ್ರಿಂಟರು ಪಲ್ಟಿ ಹೊಡೆದ ಮಂಚದ ಹಾಗಿತ್ತು. ಎರಡನೇ ದಿನ ಮಂಚ ನೆಟ್ಟಗಾಯಿತು, ಪ್ರಿಂಟರಾಗಲಿಲ್ಲ. ಬೀಗ ಮಾತ್ರ ಒಂದೇ ದಿನದಲ್ಲಿ ಮುಗಿಯಿತು. ಬೀಗದಲ್ಲಿ ತಪ್ಪಲಿಕ್ಕೆ ಜಾಗ ಕಮ್ಮಿ.

ಕೆಳಗಡೆ ಅಂಗಡಿಯ ಟೈಲರಿಗೆ ಹೇಗೋ ಸುದ್ದಿ ಮುಟ್ಟಿದೆ. ಮೆಟ್ಟಿಲಿಳಿಯುವಾಗ ಹಿಡಿದು ನಿಲ್ಲಿಸಿದ.

"ಏನ್ ಸಾಹೇಬ್ರೇ, ಈಗ ಸೊಳ್ಳೆ ಕಾಲಿಗೂ ಸ್ಕೇಲ್ ಹಿಡೀತೀರಂತೆ?"

"ನಿಮ್ಮ ಟೇಪಿಗಿಂತ ನೆಟ್ಟಗಿದೆ ನನ್ನ ಸ್ಕೇಲು."

"ಇರ್ಲಿ ಇರ್ಲಿ, ಸೊಳ್ಳೆ ಕಂಪ್ಲೇಂಟ್ ಕೊಟ್ರೆ ನಾನು ಸಾಕ್ಷಿ ಹೇಳಲ್ಲ."

ಫೆಬ್ರವರಿ 24

ಮನಸ್ಸು ಸರಿಯಿಲ್ಲ.

ನನ್ನ ಒಂಬತ್ತು ಐಕಾನು ಮುಗಿದವು. ಅವಳವುಗಳ ಪಕ್ಕ ಇಟ್ಟು ನೋಡೋಣ ಅಂತ, ಒಂದೊಂದನ್ನೇ ದೊಡ್ಡದು ಮಾಡಿ ಅಳೆದೆ. ಅಳತೆ ತಾಳೆಯಾಗುವುದಿಲ್ಲ. ಗಡಿಯಾರ ಹತ್ತೊಂಬತ್ತು ಚೌಕ, ಅದರ ಮೇಲೆ ಚಿಲ್ಲರೆ. ಕ್ಯಾಲೆಂಡರು ಹದಿನೇಳೇ. ಹಾಡು ಹಚ್ಚುವ ತ್ರಿಕೋನ ನಟ್ಟನಡುವೆ ಇರಬೇಕಾದದ್ದು ಒಂದು ಚೌಕ ಬಲಕ್ಕೆ ಸರಿದು ಕೂತಿದೆ. ನಲವತ್ತೊಂದರಲ್ಲಿ ಹದಿನೆಂಟು ಅಂದರೆ ಹದಿನೆಂಟೇ ಇರುವುದು ಆರು ಮಾತ್ರ. ಅವಳೇ ಬರೆದ ಚೀಟಿ, ಅವಳೇ ಮುರಿದಿದ್ದಾಳೆ. ಕಳಿಸದೆ ಉಳಿದ ಎಂಟರಲ್ಲಿ ಏರುಪೇರು ಎಲ್ಲಕ್ಕಿಂತ ಹೆಚ್ಚು.

ತಾರೀಖು ನೋಡಿದೆ. ಆ ಎಂಟೂ ಆಸ್ಪತ್ರೆ ಸೇರಿದ ಮೇಲಿನವು.

ಕಾಯಿಲೆ ಕೈಗೆ ಇಳಿದಿತ್ತು. ನನಗೆ ಗೊತ್ತಾಗಲೇ ಇಲ್ಲ. ಬಹುಶಃ ಮೂರು ವರ್ಷದಿಂದಲೂ ಕೈ ಸೋಲುತ್ತಿತ್ತೋ ಏನೋ. ಹಿಂದೆ ಕೂತು ಪೇಪರ್ ಓದುತ್ತಿದ್ದೆ ನಾನು.

ಇದು ಹೀಗೇ ಹೊರಗೆ ಹೋಗಬಾರದು. ಊರವರೆಲ್ಲ ದೊಡ್ಡದು ಮಾಡಿ ನೋಡಿ, ಟೀಚರಿಗೆ ಅಳತೆ ಬರುತ್ತಿರಲಿಲ್ಲ ಅನ್ನಬಾರದು.

ಫೆಬ್ರವರಿ 28

ನಲವತ್ತೊಂದನ್ನೂ ತಿದ್ದಿದೆ. ಎಲ್ಲ ಹದಿನೆಂಟು. ಹೆಚ್ಚಿಲ್ಲ, ಕಮ್ಮಿಯಿಲ್ಲ. ತ್ರಿಕೋನ ನಟ್ಟನಡುವೆ.

ಹಳೆಯವನ್ನು ಅಳಿಸಿದೆ. ಕಸದ ಬುಟ್ಟಿಯ ಚಿತ್ರದೊಳಗೆ ಹೋಗಿ ಅಲ್ಲಿಂದಲೂ ತೆಗೆದೆ. ನಮ್ಮಲ್ಲಿ ಇದು ಮೊದಲ ಪಾಠ: ತಿದ್ದಿದ ತೂಕದ ಕಲ್ಲು ಬಂದ ಮೇಲೆ ಹಳೇ ಕಲ್ಲು ಅಂಗಡಿಯಲ್ಲಿ ಇರಕೂಡದು. ಇದ್ದರೆ ಇವತ್ತಲ್ಲ ನಾಳೆ ಯಾರಾದರೂ ಅದರಲ್ಲೇ ತೂಗುತ್ತಾರೆ. ಎಷ್ಟು ಅಂಗಡಿಯಲ್ಲಿ ನಾನೇ ನಿಂತು ಸುತ್ತಿಗೆಯಿಂದ ಒಡೆಸಿದ್ದೇನೆ.

ಮುಗಿಸಿ ಎದ್ದಾಗ ಅವಳಿಗೆ ಏನೋ ಉಪಕಾರ ಮಾಡಿದ ಹಾಗಿತ್ತು. ತುಂಬಾ ದಿನದ ಮೇಲೆ ಮಧ್ಯಾಹ್ನ ನಿದ್ದೆ ಬಂತು.

ಮಾರ್ಚ್ 7

ಅವಳ ನಲವತ್ತೊಂದು, ನನ್ನ ಹದಿನಾರು, ಒಟ್ಟು ಐವತ್ತೇಳು ಕಳಿಸಿದೆ. "ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್." ಬಾಕಿ ಏಳು.

ಮಾರ್ಚ್ 9

ಉಸ್ತುವಾರಿಯ ಪತ್ರ. "ದುಂಡಗಿನವು ಈಗ ಚಿಕ್ಕದಾಗಿ ಕಾಣುತ್ತಿವೆ. ಡಬ್ಬಿಯಂಥವು ದಪ್ಪ. ಮೊದಲು ಸಾಲು ಸಮವಾಗಿತ್ತು. ಏನಾದರೂ ಬದಲಾಯಿಸಿದಿರಾ? ಹೀಗೇ ಇದ್ದರೆ ಸೇರಿಸುವುದು ಕಷ್ಟ."

ಕುಣಿಯಲಾರದವನು ನೆಲ ಡೊಂಕು ಅಂದನಂತೆ. ತಕ್ಷಣ ಬರೆದೆ: "ಐ ಬೆಗ್ ಟು ಸ್ಟೇಟ್ ದಟ್ ಆಲ್ ಆರ್ ಎಕ್ಸಾಕ್ಟ್ಲಿ ಎಯ್ಟೀನ್. ಕೈಂಡ್ಲಿ ಮೆಶರ್ ಅಂಡ್ ಸೀ." ಮೂವತ್ನಾಲ್ಕು ವರ್ಷದಲ್ಲಿ ನನ್ನ ಅಳತೆಯನ್ನು ಪ್ರಶ್ನಿಸಿದವರು ಇಬ್ಬರೇ. ಇಬ್ಬರ ತಕ್ಕಡಿಯೂ ಸೀಜ್ ಆಯಿತು.

ಮಾರ್ಚ್ 11

ಗುಂಡಿ ಹಾಕಿಸಲು ಅಂಗಿ ತಗೊಂಡು ಟೈಲರ್ ಹತ್ತಿರ ಹೋಗಿದ್ದೆ. ಹೊಟ್ಟೆಯಲ್ಲಿ ಇದ್ದದ್ದೆಲ್ಲ ಅವನ ಮುಂದೆ ಕಕ್ಕಿದೆ. ಎಲ್ಲ ಹದಿನೆಂಟೇ ಇದ್ದರೂ ದುಂಡಗಿನವು ಚಿಕ್ಕದು ಕಾಣುತ್ತವಂತೆ, ಆ ಉಸ್ತುವಾರಿಗೆ ಇರುವುದು ಕಣ್ಣೋ ಗೋಲಿಯೋ ಅಂತ.

ಅವನು ಕತ್ತರಿ ಕೆಳಗಿಟ್ಟ.

"ಅಳತೆ ಸಮ ಇದ್ರೆ ಕಣ್ಣಿಗೂ ಸಮ ಇರತ್ತೆ ಅಂತ ಯಾರು ಹೇಳಿದ್ದು ಸಾಹೇಬ್ರೇ? ಚೌಕಾನೂ ದುಂಡೂ ಅಕ್ಕಪಕ್ಕ ಇಡಿ. ಚೌಕಕ್ಕೆ ನಾಲ್ಕು ಮೂಲೆ ಇದೆ, ಜಾಗ ತುಂಬ್ಕೊಂಡು ಕೂರತ್ತೆ. ದುಂಡಿಗೆ ಮೂಲೆ ಎಲ್ಲಿ? ಪಾಪ, ಅದು ಬಡವಾಗೇ ಕಾಣೋದು. ಸ್ವಲ್ಪ ಜಾಸ್ತಿ ಕೊಟ್ರೇ ಸರಿ."

"ನಿಯಮ ಅಂತ ಒಂದಿರತ್ತಲ್ರೀ."

"ಹಾಗಾದ್ರೆ ನೀವು ಹಾಕಿರೋ ಅಂಗೀನೇ ಸೀಜ್ ಮಾಡ್ಬೇಕಾಗತ್ತೆ." ನಕ್ಕ. "ನಿಮ್ಮ ಬಲಭುಜ ಒಂದು ಬೆರಳು ಕೆಳಗಿದೆ. ತೂಕದ ಪೆಟ್ಟಿಗೆ ಹೊತ್ತೂ ಹೊತ್ತೂ. ಇಪ್ಪತ್ತಾರು ವರ್ಷದಿಂದ ಬಲಗಡೆ ಒಳಗೊಂದು ಬಟ್ಟೆ ಮಡಿಸಿಟ್ಟು ಹೊಲೀತಿದ್ದೀನಿ."

"ಯಾರ್ರೀ ಹೇಳಿದ್ದು ನಿಮಗೆ?"

"ಇನ್ಯಾರು? ಅಮ್ಮಾವ್ರು. ಮೊದಲ್ನೇ ಅಂಗೀಗೇ ಬಂದು ಹೇಳಿದ್ರು. 'ಎರಡೂ ಕಡೆ ಸಮ ಹೊಲೀಬೇಡಿ, ಸಮ ಕಾಣೋ ಹಾಗೆ ಹೊಲೀರಿ. ಅವ್ರಿಗೆ ಮಾತ್ರ ಹೇಳ್ಬೇಡಿ, ನಿಮ್ಮ ಟೇಪು ಕಿತ್ಕೊಂಡು ಹೋಗ್ತಾರೆ' ಅಂತ."

ಮನೆಗೆ ಬಂದು ಬೀರುವಿನಲ್ಲಿದ್ದ ಆರು ಅಂಗಿಯ ಭುಜ ಹಿಚುಕಿ ನೋಡಿದೆ. ಆರಕ್ಕೆ ಆರೂ.

ಆಮೇಲೆ ಪರದೆಯ ಮುಂದೆ ಹೋಗಲಿಲ್ಲ, ಬಾಗಿಲಲ್ಲೇ ನಿಂತು ನೋಡಿದೆ. ಗಡಿಯಾರ ನೀರಿನಲ್ಲಿ ಕುಗ್ಗಿದ ಬಟ್ಟೆಯ ಹಾಗೆ ಕಂಡಿತು. ಕ್ಯಾಲೆಂಡರು ಉಬ್ಬಿತ್ತು. ತ್ರಿಕೋನ ಎಡಕ್ಕೆ ವಾಲಿತ್ತು, ನಟ್ಟನಡುವೆ ಇದ್ದೂ.

ಅವಳ ಕೈ ಸೋತಿರಲಿಲ್ಲ.

ಮಾರ್ಚ್ 12

ಅಳಿಸಿದ್ದನ್ನು ಹುಡುಕಿದೆ. ಬುಟ್ಟಿ ಖಾಲಿ. ನಾನೇ ಖಾಲಿ ಮಾಡಿದ್ದು.

ಮಾರ್ಚ್ 14

ಉಸ್ತುವಾರಿಗೆ ಬರೆದೆ. ಈ ಸಲ ಬೆಗ್ ಇಲ್ಲ, ಸ್ಟೇಟ್ ಇಲ್ಲ. "ಐ ಡಿಡ್ ರಾಂಗ್. ಡು ಯು ಹ್ಯಾವ್ ಹರ್ ಓಲ್ಡ್ ಒನ್ಸ್?" ಒಂದೇ ಗಂಟೆಗೆ ಮೂವತ್ಮೂರನ್ನು ವಾಪಸ್ ಕಳಿಸಿದ. ದೊಡ್ಡ ಮನುಷ್ಯ. ಹಿಂದಿನ ಪತ್ರದ ಬಗ್ಗೆ ಒಂದು ಮಾತೂ ಇಲ್ಲ.

ಅವಳು ಅವನಿಗೆ ಕಳಿಸದ ಎಂಟು ಅವನ ಹತ್ತಿರ ಇಲ್ಲ, ಎಲ್ಲಿಯೂ ಇಲ್ಲ. ಅವಳು ಕೊನೆಗೆ ಮಾಡಿದ ಎಂಟು. ನಾನು ತಿದ್ದಿದ್ದರಲ್ಲಿ ಅವಳ ಗೆರೆ ಒಂದೂ ಉಳಿದಿಲ್ಲ.

ನನ್ನ ಹದಿನಾರನ್ನೂ ಕಣ್ಣಿಗೆ ಸರಿಹೋಗುವಂತೆ ತಿದ್ದಬೇಕು. ಏಳು ಹೊಸದಾಗಿ ಬರೆಯಬೇಕು. ಈ ಎಂಟು ಬೇರೆ. ಉಳಿದದ್ದು ಹದಿನೇಳು ದಿನ.

ಮಾರ್ಚ್ 15

ದೊಡ್ಡವಳ ಆಸ್ಪತ್ರೆಗೆ ಹೋಗಿದ್ದೆ. ಅವಳು ಅಲ್ಲಿ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಅವಳನ್ನು ನೋಡಲಿಕ್ಕೆ ಅಂತಲೇ ಹೋದದ್ದು ಇದೇ ಮೊದಲು. ಕ್ಯಾಂಟೀನಿನಲ್ಲಿ ಮೂಲೆ ಮೇಜಿಗೆ ಕರೆದುಕೊಂಡು ಹೋದಳು. ಟೀ ಬಂತು, ಆರಿತು. ಎಲ್ಲ ಹೇಳಿದೆ. ಅಮ್ಮನ ಕೈ ತಪ್ಪಿದೆ ಅಂದುಕೊಂಡದ್ದು, ತಿದ್ದಿದ್ದು, ಅಳಿಸಿದ್ದು.

"ಯಾವ ಎಂಟು?"

ಹೇಳಿದೆ. ಅಲಾರಂ, ಮೈಕು, ಮೋಡ, ಕ್ಯಾಮೆರಾ, ಹೀಗೆ. ಕೊನೆಯದು ಚಂದ್ರ, ಅದನ್ನು ಒತ್ತಿದರೆ ಯಾವ ಪ್ರೋಗ್ರಾಮೂ ಸದ್ದು ಮಾಡಿ ತೊಂದರೆ ಕೊಡುವುದಿಲ್ಲ.

ಅವಳು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅದು ಅಮ್ಮನ ಕೈ ಅಲ್ಲ, ನನ್ನ ಕೈ. ಅಮ್ಮಂಗೆ ಕೈ ನಡುಗೋದು, ಮೌಸ್ ನಾನು ಹಿಡೀತಿದ್ದೆ. 'ಕೂದಲೆಳೆಯಷ್ಟು ಎಡಕ್ಕೆ' ಅನ್ನೋಳು. 'ಕಣ್ಣು ಮುಚ್ಚಿ ತೆಗಿ, ಈಗ ಯಾವುದು ಬಡವಾಗಿದೆ ಹೇಳು' ಅನ್ನೋಳು. ಒಂದೊಂದಕ್ಕೆ ಎರಡೆರಡು ದಿನ. ಆಸ್ಪತ್ರೆ ಲ್ಯಾಪ್‌ಟಾಪು ಅದು, ವಾಪಸ್ ಕೊಡ್ಬೇಕಿತ್ತು. ಅಮ್ಮನ ಕಂಪ್ಯೂಟರಿಗೆ ಹಾಕಿ ಇಲ್ಲಿ ಅಳಿಸಿದೆ. ಮನೇಲಿ ಭದ್ರವಾಗಿರತ್ತೆ ಅಂದ್ಕೊಂಡೆ."

ಬರುವಾಗ ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟು, "ತಪ್ಪಾಯ್ತು ಕಣೇ" ಅಂದೆ.

"ಡ್ಯೂಟಿ ಇದೆ. ನೀವು ಮನೆಗೆ ಹೋಗಿ."

ಮಾರ್ಚ್ 17

ಫೋನಿಲ್ಲ.

ಮಾರ್ಚ್ 18

ನನ್ನ ಹಳೇ ಪ್ರಿಂಟರನ್ನು ಅರ್ಧ ಚೌಕ ತೆಳ್ಳಗೆ ಮಾಡಿದೆ. ಅಲಾರಂ ಬರೆಯಲು ಕೂತೆ. ಅವಳದು ಹೇಗಿತ್ತು ಅಂತ ನೆನಪಿಸಿಕೊಂಡರೆ ಅದರ ಅಳತೆಯೂ ಬರುವುದಿಲ್ಲ, ಅದು ಹೇಗೆ ಕಾಣುತ್ತಿತ್ತು ಅನ್ನುವುದೂ ಬರುವುದಿಲ್ಲ. ತಪ್ಪು ಹುಡುಕುತ್ತ ನೋಡಿದವನು, ಚಿತ್ರ ನೋಡಿರಲೇ ಇಲ್ಲ.

ಮಾರ್ಚ್ 20

ಮಧ್ಯಾಹ್ನ ಬೆಲ್ ಆಯಿತು. ದೊಡ್ಡವಳು. ಚಪ್ಪಲಿ ಬಿಟ್ಟು ನೇರ ಕೋಣೆಗೆ ಹೋದಳು.

"ಏಳು. ಆ ಕುರ್ಚಿ ನನಗೆ ಕೊಡು."

ಎದ್ದೆ. ಕೂತು ಅರ್ಧ ನಿಮಿಷ ಪಟ್ಟಿಯನ್ನೇ ನೋಡಿದಳು.

"ಸ್ಕೇಲ್ ಯಾಕೆ ಹಿಡ್ಕೊಂಡಿದ್ಯಾ?"

"ಸುಮ್ನೆ. ಬೇಕಾಗಬಹುದು ಅಂತ."

"ಬೇಕಾಗಲ್ಲ. ಒಳಗಿಡು. ಹೋಗಿ ಬಾಗಿಲ ಹತ್ರ ನಿಂತ್ಕೋ, ಕನ್ನಡಕ ತೆಗಿ. ಯಾವುದು ದಪ್ಪ ಕಾಣ್ಸತ್ತೆ?"

ನಾನು ನಿಂತೆ. ಪಟ್ಟಿಯೇ ಮಸುಕು. "ಎಲ್ಲ ಒಂದೇ ಥರ ಇದೆಯಲ್ಲೇ."

"ಸರಿಯಾಗಿ ನೋಡು."

"ಟಪಾಲು?"

"ಹಾಂ." ಅಂಚಿನಿಂದ ಅರ್ಧ ಚೌಕ ತೆಗೆದಳು.

"ಹಾಗಾದ್ರೆ ಅದು ಹದಿನೇಳೂವರೆ ಆಗತ್ತಲ್ಲ."

"ಅಪ್ಪಾ!"

"ಸರಿ ಸರಿ."

ಸಂಜೆವರೆಗೂ ನನ್ನನ್ನು ಬಾಗಿಲಿಗೂ ಕುರ್ಚಿಗೂ ಓಡಾಡಿಸಿದಳು. ಕಾಲು ನೋಯುತ್ತಿದೆ. ಅಲಾರಂ ಮುಗಿಯಿತು. ಅದರ ತಲೆಯ ಮೇಲಿನ ಎರಡು ಗಂಟೆಗಳಲ್ಲಿ ಎಡಗಡೆಯದನ್ನು ಒಂದು ಕೂದಲೆಳೆ ಚಿಕ್ಕದು ಮಾಡಿಸಿದ್ದಳಂತೆ ಅವಳಮ್ಮ, ಇಲ್ಲದಿದ್ದರೆ ಅದು ಕೊಂಬಿನ ಹಾಗೆ ಕಾಣುತ್ತದೆ ಅಂತ. ಮಾಡಿ ನೋಡಿದೆವು. ನಿಜ.

"ಅಮ್ಮಂದೂ ಹೀಗೇ ಇತ್ತಾ?" ಕೇಳಿದೆ.

"ಹೆಚ್ಚೂಕಮ್ಮಿ." ಮೌಸಿನಿಂದ ಕೈ ತೆಗೆದು, "ಇಲ್ಲ. ಅದು ಇನ್ನೂ ಚೆನ್ನಾಗಿತ್ತು" ಅಂದಳು.

ಮಾರ್ಚ್ 23

ಮೈಕು ಆಯಿತು. ಮೋಡ ಆಯಿತು. ಮೋಡಕ್ಕೆ ಅವಳೂ ನಾನೂ ಜಗಳವಾಡಿದೆವು. ಅವಳಿಗೆ ಅದು ಮೋಡ, ನನಗೆ ಹೂಕೋಸು. ಕೊನೆಗೆ ಎರಡೂ ಅಲ್ಲದೆ ಮಧ್ಯದಲ್ಲಿ ಎಲ್ಲೋ ನಿಂತಿತು.

ಮಾರ್ಚ್ 25

ಚಿಕ್ಕವಳ ಫೋನು. "ಅಕ್ಕಂಗೆ ಅಮ್ಮನ ಡ್ರಾಯಿಂಗ್ ಮೇಜು ಕೊಡ್ತೀಯಂತೆ?"

"ಹೂಂ. ಅವಳ ಮನೇಲಿ ಕಿಟಕಿ ಹತ್ರ ಜಾಗ ಇದೆಯಂತೆ."

"ತೂಗಿದ್ಯಾ?"

"ಇಲ್ಲ."

"ಹಾಗಾದ್ರೆ ನನಗೇನು ಕೊಡ್ತೀಯಾ?"

"ನಿನಗ್ಯಾಕೆ?"

ಆ ಕಡೆಯಿಂದ ಗಟ್ಟಿಯಾಗಿ ನಕ್ಕಳು. "ಅಪ್ಪಾ, ಜ್ವರಗಿರ ಬಂದಿಲ್ಲ ತಾನೇ?" ಏನು ನಗುವ ಮಾತೋ ತಿಳಿಯಲಿಲ್ಲ. ಟಪಾಲಿನ ಲಕೋಟೆ ಇನ್ನೂ ಸ್ವಲ್ಪ ದಪ್ಪಗಿದೆ ಅನಿಸುತ್ತಿದೆ, ಅದರ ಯೋಚನೆಯಲ್ಲಿದ್ದೆ.

ಮಾರ್ಚ್ 28

ಬಾಕಿಯಿದ್ದ ಏಳು ಮುಗಿದವು. ಕಳೆದುಹೋದ ಎಂಟರಲ್ಲಿ ಏಳು ಆದವು. ಉಳಿದದ್ದು ಚಂದ್ರ ಒಂದೇ.

ದೊಡ್ಡವಳು ಕುರ್ಚಿಯಿಂದ ಎದ್ದಳು. "ಇದೊಂದು ನನ್ನ ಕೈ ಅಲ್ಲಪ್ಪಾ, ಹೇಗಿತ್ತು ಅಂತ ಗೊತ್ತಿಲ್ಲ. ಆವತ್ತು ಡಬಲ್ ಡ್ಯೂಟಿ ಮುಗಿಸಿ ಬಂದಿದ್ದೆ. ಅಮ್ಮನ ಪಕ್ಕ ಕುರ್ಚೀಲೇ ನಿದ್ದೆ ಹೋಗ್ಬಿಟ್ಟಿದ್ದೆ. ಎದ್ದಾಗ ಚಂದ್ರ ಮುಗಿದಿತ್ತು. ಆ ನಡುಗೋ ಕೈಲಿ ಎಷ್ಟು ಹೊತ್ತು ಮಾಡಿದ್ಲೋ, ನನ್ನನ್ನ ಎಬ್ಬಿಸ್ಲೇ ಇಲ್ಲ. ನಾನು ಸರಿಯಾಗಿ ನೋಡ್ಲೂ ಇಲ್ಲ, ಹಾಗೇ ತಂದು ಇದಕ್ಕೆ ಹಾಕ್ದೆ."

ಅಂದರೆ ಅದನ್ನು ಹತ್ತಿರದಿಂದ ನೋಡಿದವರು ಇಬ್ಬರೇ. ಬರೆದವಳು, ಅಳಿಸಿದವನು.

ಎರಡು ದಿನ ಅವಳಿಗೆ ಡ್ಯೂಟಿ ಇದೆ. "ನೀನೇ ಬರಿ" ಅಂದು ಹೋದಳು.

ಮಾರ್ಚ್ 29

ಚಂದ್ರನಷ್ಟು ಕಷ್ಟ ಯಾವುದೂ ಆಗಿರಲಿಲ್ಲ. ಇರುವುದೆಲ್ಲ ಒಂದೇ ಕಡೆ, ಇನ್ನೊಂದು ಕಡೆ ಬರೀ ಖಾಲಿ. ಮಧ್ಯಕ್ಕೆ ಇಟ್ಟರೆ ಬಿದ್ದುಹೋಗುತ್ತಿರುವ ಹಾಗೆ ಕಾಣುತ್ತದೆ, ಸರಿಸಿದರೆ ಗೋಡೆಗೆ ಒರಗಿದ ಹಾಗೆ. ಹನ್ನೊಂದು ಸಲ ಬರೆದೆ. ಹನ್ನೊಂದನೆಯದು ದೋಸೆ ಮುರಿದಿಟ್ಟ ಹಾಗಿತ್ತು.

ಮಾರ್ಚ್ 30

ಬೆಳಿಗ್ಗೆ ಎದ್ದವನು ಮುಖ ತೊಳೆದು ನೇರ ಕೂತೆ. ಹಳೆಯದನ್ನು ನೆನಪಿಸಿಕೊಳ್ಳಲು ಹೋಗಲಿಲ್ಲ. ಕುರ್ಚಿಯಲ್ಲಿ ಕತ್ತು ವಾಲಿಸಿ ನಿದ್ದೆ ಮಾಡುವ ಮಗಳು, ಪಕ್ಕದ ಹಾಸಿಗೆಯಲ್ಲಿ ಸದ್ದಾಗದ ಹಾಗೆ ಮೌಸ್ ಒತ್ತುವ ಇವಳು. ಅಷ್ಟೇ ತಲೆಯಲ್ಲಿತ್ತು. ಹೊಟ್ಟೆ ಸ್ವಲ್ಪ ತುಂಬಿಸಿದೆ, ತುದಿ ಚೂಪು ಕಮ್ಮಿ ಮಾಡಿದೆ, ಕೂದಲೆಳೆಯಷ್ಟು ಸರಿಸಿದೆ, ಬಾಗಿಲಿಗೆ ಹೋಗಿ ನಿಂತೆ, ಮತ್ತೆ ಬಂದು ಸರಿಸಿದೆ. ಮುಗಿದ ಮೇಲೆ ನೋಡಿದರೆ ಪರದೆಯ ಮೇಲಿನ ಚೌಕದ ಗೆರೆಗಳನ್ನು ಹಾಕಿಕೊಂಡೇ ಇರಲಿಲ್ಲ. ಎಷ್ಟು ಚೌಕ ಬಂತೋ ಗೊತ್ತಿಲ್ಲ.

ಅರವತ್ನಾಲ್ಕನ್ನೂ ಸಾಲಾಗಿ ಜೋಡಿಸಿ ಕಾದೆ. ಉಸ್ತುವಾರಿ ಒಂದು ಮಾತು ಕೇಳಿದ್ದ: ಯಾರು ಯಾರು ಎಷ್ಟೆಷ್ಟು ಬರೆದದ್ದು, ಹೆಸರಿನ ಮುಂದೆ ಹಾಕಬೇಕು ಅಂತ. "ನಾಟ್ ಕೌಂಟೆಡ್. ಪುಟ್ ಹರ್ ನೇಮ್ ಫಸ್ಟ್, ದೆನ್ ಮೈ ಡಾಟರ್" ಅಂತ ಬರೆದಿಟ್ಟೆ.

ದೊಡ್ಡವಳು ಡ್ಯೂಟಿ ಮುಗಿಸಿ ಸಂಜೆ ಬಂದಳು. ಚೀಲ ಹೆಗಲಲ್ಲೇ ಇತ್ತು. ನಾನು ಪಕ್ಕಕ್ಕೆ ಸರಿದು ನಿಂತೆ. ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ತೆಗೆದಳು. ಮತ್ತೊಮ್ಮೆ. ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿಕೊಂಡು ಹೋದಳು, ಹತ್ತಿರ ಬಂದು ಚಂದ್ರನ ಮೇಲೆ ಬೆರಳಿಟ್ಟಳು.

"ಅಮ್ಮಂದು ಇಷ್ಟು ದುಂಡಗಿರಲಿಲ್ಲ ಅನ್ಸತ್ತೆ."

"ಗೊತ್ತಿಲ್ಲ. ಇರಲಿಲ್ಲವೇನೋ." "ಸರಿಮಾಡ್ಲಾ? ನಾಳೆವರೆಗೂ ಟೈಮಿದೆ."

ಅವಳು ಬೆರಳು ತೆಗೆದಳು.

"ಬೇಡ. ಅಮ್ಮಂದಲ್ಲ. ಆದ್ರೆ ಇವುಗಳ ಜೊತೆ ಕೂತ್ಕೊಂಡಿದೆ ನೋಡು. ಬಿಡು, ಮುಟ್ಬೇಡ."

ಕಳಿಸಿದೆ. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಮನೆಯಲ್ಲಿ ಅನ್ನ ಒಬ್ಬರಿಗಾಗುವಷ್ಟೇ ಇತ್ತು. ಮುಕ್ಕಾಲು ಅವಳ ತಟ್ಟೆಗೆ ಬಡಿಸಿ, ಉಳಿದದ್ದನ್ನು ನಾನು ಹಾಕಿಕೊಂಡೆ.